ಮುಂದಕ್ಕೆ ಹೋದ ರಾಕೆಟ್ಟು, ಮುಂದಕ್ಕೆ ಹೋದ ಗಂಡು

ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ದಿನಗಳಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಮನೆಯವರು ಮಾತ್ರ. ಉಳಿದವರಿಗೆಲ್ಲ ನಾನು ‘ರಾಕೆಟ್ ಮಿಸ್’. ಈ ಬಿರುದು ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಅಮೆರಿಕದವರು ಆಕಾಶಕ್ಕೆ ಬಿಟ್ಟಿದ್ದ ಮನೆಯಷ್ಟು ದೊಡ್ಡದೊಂದು ಯಂತ್ರ ಇನ್ನೇನು ಯಾರದೋ ತಲೆಯ ಮೇಲೆ ಬೀಳುತ್ತದೆ ಎಂದು ಊರೆಲ್ಲ ಗುಲ್ಲೆದ್ದಿತ್ತು. ಮಕ್ಕಳು ಹೆದರಿದ್ದಾರೆ, ಪ್ರಾರ್ಥನೆಯ ಹೊತ್ತಿನಲ್ಲಿ ನಾಲ್ಕು ಮಾತು ಹೇಳಿ ಎಂದರು ಹೆಡ್‌ಮಾಸ್ಟರು. ನಾನು ನಾಲ್ಕರಲ್ಲಿ ನಿಲ್ಲಿಸಲಿಲ್ಲ. ರಾಕೆಟ್ಟು ಹೇಗೆ ಮೇಲೆ ಹೋಗುತ್ತದೆ ಎನ್ನುವಲ್ಲಿಂದ ಶುರುಮಾಡಿ, ಅದು ಬೀಳುವ ಘಟ್ಟಕ್ಕೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಹಿಂದಿನ ಸಾಲಿನಿಂದ ಒಬ್ಬ ಪಕ್ಕದವನಿಗೆ ಹೇಳಿದ್ದು ನನಗೂ ಕೇಳಿಸಿತು: “ಮಿಸ್ ಮುಗಿಸೋಷ್ಟ್ರಲ್ಲಿ ಅದು ಬಿದ್ದೇ ಹೋಗಿರ್ತದೆ ಕಣ್ಲಾ.”

ನಮ್ಮ ಮನೆ ಇದ್ದದ್ದು ತುಮಕೂರಿನಲ್ಲಿ. ದಿನಾ ಬೆಳಿಗ್ಗೆ ರೈಲಿನಲ್ಲಿ ಗುಬ್ಬಿಗೆ ಹೋಗಿ ಸಂಜೆ ವಾಪಸಾಗುತ್ತಿದ್ದೆ. ಅಪ್ಪನಿಗೆ ಮಂಡಿಪೇಟೆಯಲ್ಲಿ ಪಾತ್ರೆ ಅಂಗಡಿ. ಅದರ ಪಕ್ಕದ ಕಿರಿದಾದ ಅಂಗಡಿಯಲ್ಲಿ ವಾಚು, ರೇಡಿಯೊ ರಿಪೇರಿ ಮಾಡುವ ಸಾಬರು. ಅಪ್ಪನ ಸ್ನೇಹಿತರು; ನನಗೆ ಚಿಕ್ಕಂದಿನಿಂದ ಚಾಚಾ. ಯಾರೋ ರಿಪೇರಿಗೆ ಕೊಟ್ಟು ಮರೆತೇಬಿಟ್ಟಿದ್ದ ಒಂದು ಟ್ರಾನ್ಸಿಸ್ಟರನ್ನು ಅವರು ನನಗಾಗಿ ಸರಿಮಾಡಿಕೊಟ್ಟಿದ್ದರು. ಅದಕ್ಕೆ ಒಂದು ತಂತಿ ಸಿಕ್ಕಿಸಿ ಕಿಟಕಿಯ ಸರಳಿಗೆ ಸುತ್ತಿದರೆ, ಗರಗರ ಸದ್ದಿನ ನಡುವೆ ಅಮೆರಿಕ, ಇಂಗ್ಲೆಂಡುಗಳ ದನಿ ಕೇಳುತ್ತಿತ್ತು. ನನ್ನ ಹುಚ್ಚಿಗೆ ಚಾಚಾರೇ ಕಾರಣ ಎಂದು ಅಮ್ಮ ಕೊನೆಯವರೆಗೂ ನಂಬಿದ್ದಳು.

ರಾಕೆಟ್ಟಿನ ಹುಚ್ಚು ಎಂದರೆ ರಾಕೆಟ್ಟು ಹಾರುವುದನ್ನು ಕೇಳುವ ಹುಚ್ಚು ಎಂದುಕೊಂಡಿದ್ದೆ. ಹಾಗಲ್ಲ, ಅದು ಹಾರದೆ ಇರುವುದನ್ನು ಕೇಳುವ ಹುಚ್ಚು ಎಂದು ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಪೇಪರಿನಲ್ಲಿ ‘ನಾಳೆ ಉಡಾವಣೆ’ ಎಂದು ದಪ್ಪಕ್ಷರದಲ್ಲಿ ಬರುತ್ತಿತ್ತು. ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ರಾಕೆಟ್ಟು ಬರೆದು ವಿವರಿಸುತ್ತಿದ್ದೆ. ಎರಡು ದಿನದ ಮೇಲೆ, ಅದೇ ಪೇಪರಿನ ಮೂಲೆಯಲ್ಲಿ, ಅಂಗಡಿ ಬಾಡಿಗೆಗಿದೆ ಎನ್ನುವ ಜಾಹೀರಾತಿನ ಪಕ್ಕದಲ್ಲಿ, ‘ಉಡಾವಣೆ ಮುಂದಕ್ಕೆ’ ಎಂದು ಎರಡು ಸಾಲು. ನಾನು ಕ್ಲಾಸಿಗೆ ಕಾಲಿಟ್ಟ ಕೂಡಲೇ ಮಕ್ಕಳು ಒಂದೇ ದನಿಯಲ್ಲಿ, “ಹಾರ್ತಾ ಮಿಸ್?” ಎನ್ನುತ್ತಿದ್ದರು. ಒಮ್ಮೆ ಮೋಡ, ಒಮ್ಮೆ ಗಾಳಿ, ಒಮ್ಮೆ ಎಲ್ಲೋ ಒಂದು ಕೊಳವೆ ಸೋರಿದ್ದು. ಎಲ್ಲಕ್ಕೂ ಸೇರಿಸಿ ನಾನು ‘ತಾಂತ್ರಿಕ ಕಾರಣ’ ಎನ್ನುತ್ತಿದ್ದೆ. ಕೆಲವೇ ದಿನಗಳಲ್ಲಿ ಆ ಮಾತು ನನಗೇ ತಿರುಗುಬಾಣವಾಯಿತು. ಹೋಂವರ್ಕ್ ಎಲ್ಲಿ ಎಂದು ಕೇಳಿದರೆ ನಿಟ್ಟೂರಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೈಕಟ್ಟಿ ನಿಂತು, “ಮುಂದಕ್ಕೆ ಹೋಗೈತೆ ಮಿಸ್, ತಾಂತ್ರಿಕ ಕಾರಣ” ಎಂದಳು. ಬೈಯಬೇಕೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ.

ಮನೆಯಲ್ಲಿ ಅಪ್ಪ ಇನ್ನೂ ಮೇಲು. “ನಮ್ಮಂಗಡಿ ಕುಕ್ಕರ್ರೇ ವಾಸಿ ಕಣಮ್ಮ. ಒಲೆ ಮೇಲಿಟ್ಟರೆ ಹೊತ್ತಿಗೆ ಸರಿಯಾಗಿ ಸೀಟಿ ಹೊಡೆಯುತ್ತೆ,” ಎನ್ನುತ್ತಿದ್ದರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಮೆರಿಕದವರು ವಿಮಾನದ ಹಾಗೆ ರೆಕ್ಕೆಯಿರುವ ಹೊಸ ರಾಕೆಟ್ಟು ಕಟ್ಟಿದ್ದರು. ಹೋಗಿ, ಬಂದು, ಮತ್ತೆ ಹೋಗುವಂಥದು. ಅದು ಈ ವರ್ಷ ಹಾರುತ್ತದೆ, ಬರುವ ವರ್ಷ ಹಾರುತ್ತದೆ ಎಂದು ಕೇಳಿ ಕೇಳಿ ಕಿವಿ ಸವೆದಿತ್ತು. ಅದೇ ಹೊತ್ತಿಗೆ ನನಗೆ ಒಂದು ಗಂಡು ಗೊತ್ತುಮಾಡುವ ಮಾತು ಬಂತು. ಕುಣಿಗಲ್‌ನವರು. ರೇಸಿನ ಕುದುರೆ ಸಾಕುವ ಕಡೆ ಪಶುವೈದ್ಯರ ಕೈಕೆಳಗೆ ಕೆಲಸ. ತಾಯಿಯಿಲ್ಲದ ಅವರನ್ನು ಸೋದರತ್ತೆ ಸಾಕಿ ದೊಡ್ಡವರನ್ನು ಮಾಡಿದ್ದರು.

ಭಾನುವಾರ ನೋಡಲು ಬರುತ್ತಾರೆ ಎಂದರು. ಅಮ್ಮ ಕೇಸರಿಬಾತಿಗೆ ರವೆ ಹುರಿದಿಟ್ಟುಕೊಂಡು ಕೂತಳು. ಕುಣಿಗಲ್ ಬಸ್ಸಿನಲ್ಲಿ ಬಂದ ಯಾರೋ ಅಪ್ಪನ ಅಂಗಡಿಗೆ ಸುದ್ದಿ ಮುಟ್ಟಿಸಿ ಹೋದರು: ಒಂದು ಕುದುರೆ ಮರಿ ಹಾಕುವ ಹಾಗಿದೆ, ಹುಡುಗ ಬಿಟ್ಟು ಬರುವ ಹಾಗಿಲ್ಲ. ಬುಧವಾರ ಎಂದರು. ಬುಧವಾರವೂ ಅದೇ ಸುದ್ದಿ; ಕುದುರೆ ಇನ್ನೂ ಹಾಕಿಲ್ಲ.

“ಕುದುರೆಗಿಂತ ಕಡೆಯಾದಳಾ ನನ್ನ ಮಗಳು?” ಎಂದು ಅಮ್ಮ ಹುರಿದ ರವೆಯನ್ನು ಡಬ್ಬಿಗೆ ಸುರಿದಳು.

“ನಿನ್ನ ಮಗಳ ರಾಕೆಟ್ಟಿಗೆ ಸರಿಯಾದ ಜೋಡಿ ಕಣೇ,” ಎಂದರು ಅಪ್ಪ. “ಅದೂ ಬರಲ್ಲ, ಇದೂ ಬರಲ್ಲ.”

ಕೊನೆಗೆ, ಕುದುರೆಯನ್ನು ಒಂದು ಹೊತ್ತಿನ ಮಟ್ಟಿಗೆ ಬೇರೆಯವರಿಗೆ ಒಪ್ಪಿಸಿ ಶುಕ್ರವಾರ ಸಂಜೆ ಖಂಡಿತ ಬರುತ್ತೇವೆ ಎಂದು ಹೇಳಿಕಳಿಸಿದರು. ಶುಕ್ರವಾರ ಸಂಜೆಯೇ ಆ ರೆಕ್ಕೆಯ ರಾಕೆಟ್ಟು ಹಾರುವುದಿತ್ತು.

“ಶುಕ್ರವಾರ ಬೇಡಮ್ಮ. ಶನಿವಾರ ಬರಲಿ.”

“ಹೂಂ ಕಣೇ. ಶನಿವಾರ ಇನ್ನೊಂದು ಕುದುರೆ ಸಿಗುತ್ತೆ ಅವರಿಗೆ,” ಎಂದಳು ಅಮ್ಮ. ಅಲ್ಲಿಗೆ ಮಾತು ಮುಗಿಯಿತು.

ಶುಕ್ರವಾರ ನಾನು ಟ್ರಾನ್ಸಿಸ್ಟರನ್ನು ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟು, ಸದ್ದು ಸಣ್ಣಗೆ ಮಾಡಿದೆ. ನಡುಮನೆಯಲ್ಲಿ ಅವರು, ಅವರ ಸೋದರತ್ತೆ, ಎದುರಿಗೆ ಅಪ್ಪ. ನಾನು ತಟ್ಟೆ ಹಿಡಿದು ಹೊರಗೆ ಬಂದರೂ ಕಿವಿ ಒಳಗೇ ಉಳಿದಿತ್ತು.

“ಹಾಡ್ತೀಯೇನಮ್ಮ?” ಎಂದು ಅತ್ತೆ ಕೇಳಿದರು.

“ಇನ್ನೂ ಸ್ವಲ್ಪ ಹೊತ್ತು ಬಾಕಿ ಇದೆ,” ಎಂದೆ.

“ಏನು, ಹಾಡೋಕಾ?”

ಅಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಅಮ್ಮ ಬಾಗಿಲ ಸಂದಿಯಿಂದ ಕಣ್ಣು ಕೆಂಪಗೆ ಮಾಡಿದಳು. ಅಲ್ಲಿಯವರೆಗೆ ನೆಲ ನೋಡುತ್ತ ಕೂತಿದ್ದ ಗಂಡು ತಲೆಯೆತ್ತಿ, “ಒಳಗೆ ರೇಡಿಯೊ ಓಡ್ತಾ ಇದೆ ಅಲ್ವಾ?” ಎಂದರು. ನಾನು ಮುಚ್ಚಿಡದೆ ಹೇಳಿಬಿಟ್ಟೆ. “ಇಲ್ಲಿಗೇ ತನ್ನಿ ಹಂಗಾದ್ರೆ. ಎಲ್ರೂ ಕೇಳೋಣ,” ಎಂದರು.

ಹೀಗೆ ಉಪ್ಪಿಟ್ಟಿನ ತಟ್ಟೆಗಳ ನಡುವೆ ಟ್ರಾನ್ಸಿಸ್ಟರ್ ಬಂದು ಕೂತಿತು. ಅದು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಹಾಡಿನ ವಿಷಯ ಎಲ್ಲರೂ ಮರೆತರು. ಆದರೆ ಇನ್ನೇನು ಹಾರುತ್ತದೆ ಎನ್ನುವಾಗ, ಹಾರುವ ಮುಂಚಿನ ಎಣಿಕೆ ನಿಂತಿತು.

“ಯಾಕಂತೆ?” ಎಂದರು ಅವರು.

“ಒಳಗಿರೋ ಕಂಪ್ಯೂಟರುಗಳು ಒಂದಕ್ಕೊಂದು ಹೊಂದಿಕೊಳ್ತಿಲ್ವಂತೆ.”

“ಅತ್ತೆ ಸೊಸೆ ಇದ್ದಂಗೆ ಅನ್ನು,” ಎಂದರು ಸೋದರತ್ತೆ. ಅಮ್ಮನೂ ನಕ್ಕಳು. ನನಗೆ ಆ ಅತ್ತೆ ಹಿಡಿಸಿದ್ದು ಆ ಗಳಿಗೆಯಲ್ಲಿ.

ಕಾದೆವು. ಅಮ್ಮ ಎರಡನೆಯ ಸಲ ಬೋಂಡ ಕರಿದಳು. ದೀಪ ಹಚ್ಚುವ ಹೊತ್ತಾಯಿತು. ಅತ್ತೆ ನಡುನಡುವೆ, “ಹೊಂಟ್ತಾ ಮಗ?” ಎಂದು ಕೇಳುತ್ತಲೇ ಇದ್ದರು. ಕಡೆಗೆ ರೇಡಿಯೊದವನು ಇವತ್ತು ಆಗುವುದಿಲ್ಲ ಎಂದ. ಕುಣಿಗಲ್ ಬಸ್ಸಿಗೂ ಹೊತ್ತಾಗಿತ್ತು. ಎದ್ದು ನಿಂತ ಅತ್ತೆಯ ಮುಖದಲ್ಲಿ ನಗು ಇರಲಿಲ್ಲ.

“ಹೆಣ್ಣು ನೋಡೋ ಹೊತ್ತಲ್ಲೇ ಹೊಂಟಿದ್ದು ನಿಂತೋಯ್ತಲ್ಲ,” ಎಂದು ಮೆಲ್ಲಗೆ ಹೇಳಿ, “ಊರಿಗೋಗಿ ಹೇಳ್ಕಳಿಸ್ತೀವಿ ಸ್ವಾಮಿ,” ಎಂದರು.

ಆ ಮಾತಿನ ಅರ್ಥ ಎಲ್ಲ ಹೆಣ್ಣು ಹೆತ್ತವರಿಗೂ ಗೊತ್ತು. ಅಪ್ಪ ಆವತ್ತು ಒಂದೂ ತಮಾಷೆ ಮಾಡಲಿಲ್ಲ. ಅಮ್ಮ ಟ್ರಾನ್ಸಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನನಗೆ ದುಃಖವಾಯಿತೆ? ಆಯಿತು. ಹಿಂದೆ ಬಂದುಹೋದ ಯಾವ ಗಂಡಿನ ಬಗ್ಗೆಯೂ ಹಾಗೆ ಆಗಿರಲಿಲ್ಲ. ರೇಡಿಯೊವನ್ನು ಇಲ್ಲಿಗೇ ತನ್ನಿ ಎಂದವರು ಅವರೊಬ್ಬರೇ.

ಭಾನುವಾರ ಸಂಜೆ ರಾಕೆಟ್ಟು ಹಾರಿಸಲು ಮತ್ತೆ ಪ್ರಯತ್ನಿಸುತ್ತಾರೆ ಎಂದು ತಿಳಿಯಿತು. ಮನೆಯಲ್ಲಿ ಕೇಳುವ ಹಾಗಿರಲಿಲ್ಲವಾದ್ದರಿಂದ ಮಂಡಿಪೇಟೆಗೆ ಹೋದೆ. ಅಪ್ಪನ ಅಂಗಡಿಗೆ ರಜೆ. ಚಾಚಾ ಮಾತ್ರ ಅರ್ಧ ಬಾಗಿಲು ತೆರೆದು, ನನಗಾಗಿಯೇ ಒಂದು ದೊಡ್ಡ ರೇಡಿಯೊದ ಹೊಟ್ಟೆ ಬಿಚ್ಚಿಟ್ಟು, ಸ್ಟೇಷನ್ ಹಿಡಿಯುತ್ತಿದ್ದರು. “ಆವೋ ಬೇಟಾ, ಇವತ್ತು ಹಾರದಿದ್ರೆ ನಾನೇ ಹೋಗಿ ತಳ್ತೀನಿ,” ಎಂದರು.

ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಕುಣಿಗಲ್ ಗಂಡು. ರೇಡಿಯೊ ಎಲ್ಲಿಂದ ಬಂತು ಎಂದು ಶುಕ್ರವಾರ ಅವರು ಅಪ್ಪನನ್ನು ಕೇಳಿದ್ದು, ಅಪ್ಪ ಚಾಚಾ ಅಂಗಡಿಯ ಗುರುತು ಹೇಳಿದ್ದು ನೆನಪಾಯಿತು. ನನ್ನನ್ನು ಅಲ್ಲಿ ನೋಡಿ ಅವರೂ ಗಾಬರಿಯಾದರು. ಕೈಗಡಿಯಾರ ಬಿಚ್ಚಿ ಚಾಚಾ ಕೈಗೆ ಕೊಟ್ಟರು.

ಚಾಚಾ ಅದನ್ನು ಕಿವಿಗಿಟ್ಟು, ಹಿಂದೆ ಮುಂದೆ ತಿರುಗಿಸಿ ನೋಡಿದರು. “ಏನಾಗಿದೆ ಸ್ವಾಮಿ ಇದಕ್ಕೆ?”

“ಸ್ವಲ್ಪ ಜೋರಾಗಿ ಓಡುತ್ತೆ ಅನ್ಸುತ್ತೆ.”

“ವಾಚು ಸರಿಯಾಗೇ ಐತೆ,” ಎಂದರು ಚಾಚಾ, ನನ್ನ ಕಡೆ ನೋಡದೆ. “ಜೋರಾಗಿ ಓಡ್ತಿರೋದು ಬೇರೆ ಏನೋ ಇರ್ಬೇಕು.” ಒಂದು ಸ್ಟೂಲು ಎಳೆದು ಅವರನ್ನು ಕೂರಿಸಿದರು.

ಕಾಯುತ್ತ ಕೂತಾಗ ಅವರೇ ಮಾತು ತೆಗೆದರು. ಆ ಕುದುರೆ ಹಿಂದಿನ ದಿನ ಮರಿ ಹಾಕಿತಂತೆ. “ಅಷ್ಟು ದಿನ ಪಕ್ಕದಲ್ಲೇ ಕಾದಿದ್ದೆ. ಟೀ ಕುಡಿಯೋಕೆ ಅಂತ ಆ ಕಡೆ ಹೋಗಿ ಬರೋಷ್ಟ್ರಲ್ಲಿ ಮರಿ ಎದ್ದು ನಿಂತಿತ್ತು. ಒಂದು ಮಾತು ಹೇಳ್ಲಿಲ್ಲ ನನ್ಗೆ.”

ಅವರ ದನಿಯಲ್ಲಿದ್ದ ಬೇಸರ ಎಷ್ಟು ನಿಜವಾದದ್ದಾಗಿತ್ತೆಂದರೆ ನನಗೆ ನಗಲೂ ಆಗಲಿಲ್ಲ, ನಗದಿರಲೂ ಆಗಲಿಲ್ಲ.

ಆ ಸಂಜೆ ರಾಕೆಟ್ಟು ಹಾರಿತು. ರೇಡಿಯೊದವನ ದನಿ ಒಡೆಯಿತು, ಅವನ ಹಿಂದೆ ಜನ ಕೂಗಿದರು, ಆಮೇಲೆ ನೀರು ಧುಮುಕುವಂಥ ದೊಡ್ಡ ಸದ್ದು. ಚಾಚಾ ಟೋಪಿ ಸರಿಮಾಡಿಕೊಂಡು ಎದ್ದು ನಿಂತರು. ನಮ್ಮಿಬ್ಬರಿಗೆ ಏಳುವುದೂ ತೋಚಲಿಲ್ಲ.

ಅವರು ಊರಿಗೆ ಹೋಗಿ ಅತ್ತೆಗೆ ಹೇಳಿದ್ದು ಒಂದೇ ಮಾತಂತೆ: “ಹಾರ್ತು ಅತ್ತೆ.” ಅತ್ತೆ ಒನಕೆ ಪಕ್ಕಕ್ಕಿಟ್ಟು, “ಹಾರ್ತಾ? ಹಂಗಾರೆ ಇನ್ಯಾಕೆ ತಡ, ಮಾತಾಡ್ಬುಡಿ,” ಎಂದರಂತೆ. ಆಷಾಢ ಬಂತೆಂದು ಮದುವೆ ಒಮ್ಮೆ ಮುಂದಕ್ಕೆ ಹೋಯಿತು, ಕಲ್ಯಾಣಮಂಟಪ ಸಿಗಲಿಲ್ಲವೆಂದು ಇನ್ನೊಮ್ಮೆ ಹೋಯಿತು. ಗುಬ್ಬಿಯ ಮಕ್ಕಳು, “ಮದ್ವೆ ಆಯ್ತಾ ಮಿಸ್?” ಎಂದು ಕೇಳಿ, ಉತ್ತರವನ್ನೂ ತಾವೇ ಹೇಳಿ ಓಡುತ್ತಿದ್ದರು.

ಮದುವೆಯಾದ ಮೇಲೆ ಕುಣಿಗಲ್‌ಗೇ ವರ್ಗ ಮಾಡಿಸಿಕೊಂಡೆ. ಅತ್ತೆ ನಮ್ಮ ಜೊತೆಗೇ ಇದ್ದರು. ಸಂಜೆಯ ರೇಡಿಯೊಗೆ ನನಗಿಂತ ಮೊದಲು ಬಂದು ಕೂರುತ್ತಿದ್ದವರು ಅವರೇ.

ಎಂಬತ್ತರ ದಶಕದ ನಡುವಿನಲ್ಲಿ ಅದೇ ರೆಕ್ಕೆಯ ರಾಕೆಟ್ಟುಗಳಲ್ಲೊಂದರಲ್ಲಿ ಒಬ್ಬ ಸ್ಕೂಲ್ ಟೀಚರು ಹೋಗುತ್ತಾಳೆ ಎಂದು ಸುದ್ದಿ ಬಂತು. ಹೆಂಗಸು, ನನ್ನ ಹಾಗೆ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಲ್ಲುವವಳು. ಅದನ್ನು ನಾನು ಎಷ್ಟು ಸಲ ಕ್ಲಾಸಿನಲ್ಲಿ ಹೇಳಿದೆನೋ. ಎಂದಿನಂತೆ ಅದೂ ಮುಂದಕ್ಕೆ ಹೋಯಿತು, ಮತ್ತೆ ಮತ್ತೆ ಹೋಯಿತು. “ಆ ಮಿಸ್ಸು ಇನ್ನೂ ಹೊರಟಿಲ್ವಾ ಮಿಸ್?” ಎಂದು ಕುಣಿಗಲ್‌ನ ಮಕ್ಕಳೂ ಶುರುಮಾಡಿದರು. ನಾನೂ ಸಿಡಿಮಿಡಿಗೊಂಡು, ಹೊರಡಬಾರದೆ ಒಂದು ಸಲ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ವಾರ್ತೆಯಲ್ಲಿ ಹೇಳಿದರು. ಹೊರಟ ಸ್ವಲ್ಪ ಹೊತ್ತಿಗೇ ಆಕಾಶದಲ್ಲಿ ಸಿಡಿದುಹೋಯಿತು, ಯಾರೂ ಉಳಿಯಲಿಲ್ಲ. ಕೈಯಲ್ಲಿದ್ದ ಕಾಫಿ ಕೆಳಗಿಟ್ಟೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಂದಿನ ನಿಲ್ಲಿಸ್ಬಾರ್ದಿತ್ತಾ ಮಕ್ಳು,” ಎಂದರು.

ಆವತ್ತು ಕ್ಲಾಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಸುದ್ದಿ ಅವರಿಗೂ ತಿಳಿದಿತ್ತು. ಬೆಳಕು ಹೇಗೆ ಬಾಗುತ್ತದೆ ಎನ್ನುವ ಪಾಠ ತೆಗೆದೆ, ನಡೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ನಿಮ್ಮನ್ನ ಕರೆದಿದ್ರೆ ಹೋಗ್ತಿದ್ರಾ ಮಿಸ್?” ಎಂದಳು.

“ಹೋಗ್ತಿದ್ದೆ,” ಎಂದೆ.

“ಈಗ ಕರೆದ್ರೆ?”

ಮಕ್ಕಳಿಗೆ ಸುಳ್ಳು ಹೇಳುವ ದಿನ ಅದಾಗಿರಲಿಲ್ಲ. “ಈಗಲೂ ಹೋಗ್ತೀನಿ. ಆದರೆ ಅವರು ನಿಲ್ಲಿಸಿದಾಗೆಲ್ಲ ಬೈಯಲ್ಲ.”

ಈ ಮಾತು ನನಗಿಂತ ಮೊದಲೇ ಮನೆ ಸೇರಿತ್ತು. ಆ ಹುಡುಗಿಯ ತಂದೆ ನನ್ನ ಯಜಮಾನರ ಜೊತೆಯಲ್ಲೇ ಕೆಲಸದಲ್ಲಿದ್ದರು. ಸಂಜೆ ಯಜಮಾನರು ಅಂಗಳದಲ್ಲಿ ಕೈಕಾಲು ತೊಳೆಯುತ್ತ, ನನ್ನ ಮುಖ ನೋಡದೆ ಹೇಳಿದರು: “ಹೋಗೋದಾದ್ರೆ ಒಂದು ಮಾತು ಹೇಳ್ಬುಟ್ಟು ಹೋಗು. ಅತ್ತೆಗೆ ಅಕ್ಕಿ ಎಷ್ಟು ಹಾಕ್ಬೇಕು ಅಂತ ಗೊತ್ತಾಗ್ಬೇಕಲ್ಲ.”

ಅತ್ತೆ ಒಳಗಿನಿಂದಲೇ, “ಸುಮ್ಕಿರ್ಲಾ ನೀನು,” ಎಂದು ಗದರಿದರು.