ಹಗೇವಿನ ಪೀರಪ್ಪ

“ಅವ್ವಾ, ಪೀರಪ್ಪ ಮಂದೀ ಹಗೇವಿನ್ಯಾಗೆಲ್ಲ ಕಂದೀಲು ಬಿಟ್ಟು ಏನು ಹುಡುಕ್ತಾನ?” ಎಂದು ಮಗ ವೈಜಿನಾಥ ಇವತ್ತು ಬೆಳಗ್ಗೆ ಕೇಳಿದ. ಅವನ ಬಾಯಿಗೆ ರೊಟ್ಟಿ ಇಟ್ಟು ಸುಮ್ಮನಾಗಿಸಿದೆ. ನನ್ನ ಅನುಮಾನವೂ ಅದೇ ಆಗಿತ್ತು.

ಹಗೇವೆಂದರೆ ಜೋಳ ತುಂಬಿ ಮುಚ್ಚುವ ನೆಲದೊಳಗಿನ ಕಣಜ. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ಅದು ಆರಿದರೆ ಯಾರೂ ಇಳಿಯುವಂತಿಲ್ಲ. ಝರಾಸಂಗಂ ಸುತ್ತಿನ ನಮ್ಮ ಹಳ್ಳಿಯಲ್ಲಿ ಆ ಕೆಲಸ ಪೀರಪ್ಪನದು. ನಾನು ಸೊಸೆಯಾಗಿ ಬಂದ ವರ್ಷ ಜೋಳ ತೆಗೆಯಲು ನಮ್ಮ ಹಗೇವಿಗೆ ಇಳಿದ ಕಿಷ್ಟಪ್ಪ ಹೆಣವಾಗಿ ಮೇಲೆ ಬಂದ. ಕಂದೀಲು ಚೆನ್ನಾಗಿಯೇ ಉರಿದಿತ್ತೆಂದು ಪೀರಪ್ಪ ಹೇಳಿದ. ಊರು ನಂಬಿತು.

ತಪ್ಪೆಲ್ಲ ಕಿಷ್ಟಪ್ಪನ ಹೆಂಡತಿ ಮಾಣಿಕಮ್ಮನ ತಲೆಗೆ ಬಂತು. ಗಂಡ ಹೊಸ್ತಿಲು ದಾಟುವಾಗ ಆಕೆ “ಎತ್ತ ಹೊಂಟೀರಿ?” ಎಂದು ಕೇಳಿಬಿಟ್ಟಿದ್ದಳು. ಹೊರಟವರನ್ನು ಹಾಗೆ ಕೇಳಬಾರದು. ಇಂದಿಗೂ ಆಕೆ ಎದುರಾದರೆ ಜನ ಮನೆಗೆ ತಿರುಗಿ, ನೀರು ಕುಡಿದು, ಮತ್ತೆ ಹೊರಡುತ್ತಾರೆ.

ಆಮೇಲೆ ಪೀರಪ್ಪ ಜಹೀರಾಬಾದಿಗೆ ಹೋದ. ಪಾದ್ರಿಗಳ ಬಳಿ ಇದ್ದು ಯೇಸುಸ್ವಾಮಿಯ ಭಕ್ತನಾದ, ಸೇಂದಿ ಕುಡಿಯುವುದನ್ನು ಬಿಟ್ಟ. ಈ ವರ್ಷ ಊರಿಗೆ ಮರಳಿದ್ದಾನೆ. ಯಾರು ಹಗೇವು ತೆರೆದರೂ ಕರೆಯದೆ ಬರುತ್ತಾನೆ, ಕೂಲಿ ಬೇಡವೆನ್ನುತ್ತಾನೆ. ಕೂಲಿ ಬೇಡವೆನ್ನುವವನನ್ನು ಯಾರು ನಂಬುತ್ತಾರೆ?

“ಯಾರ ಮನ್ಯಾಗ ಎಷ್ಟು ಜ್ವಾಳ ಅದ ಅಂತ ನೋಡಾಕ ಬರ್ತಾನ. ಕಣ್ಣಿಡು,” ಎಂದರು ನಮ್ಮ ಅತ್ತೆ ರುಕ್ಮಿಣಿಬಾಯಿ. ಇವತ್ತು ನಮ್ಮ ಹಗೇವು ತೆರೆದರು. ನಾನು ವೈಜಿನಾಥನನ್ನು ಕಂಕುಳಲ್ಲಿಟ್ಟುಕೊಂಡು ಅವನ ಕೈಯನ್ನೇ ನೋಡುತ್ತ ನಿಂತೆ.

“ಏನೋ ಪೀರಪ್ಪಾ, ಪುಕ್ಕಟ ದುಡಿ ಅಂತ ನಿಮ್ಮ ಸ್ವಾಮಿ ಹುಕುಂ ಮಾಡ್ಯಾನೇನು?” ಎಂದು ಅತ್ತೆ ಕುಟುಕಿದರು. ಪೀರಪ್ಪ ಕಂದೀಲು ಇಳಿಸಿದ, ಆರಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಳಿಸಿದ; ಮತ್ತೆ ಆರಿತು.

ನಮ್ಮ ಆಳು ಕಾಶಪ್ಪನಿಗೆ ತಾಳ್ಮೆ ಕೆಟ್ಟಿತು. “ಸರಿಯೋ ಅತ್ತಾಗ! ಕಿಷ್ಟಪ್ಪ ಸತ್ತಾಗ ಕಂದೀಲು ಉರೀತಿತ್ತಲ್ಲ? ಹಣ್ಯಾಗ ಬರದದ್ದು ಕಂದೀಲಿಗೇನು ಗೊತ್ತು?” ಎನ್ನುತ್ತ ಹಗೇವಿನೊಳಗೆ ಕಾಲು ಇಳಿಬಿಟ್ಟ.

ಪೀರಪ್ಪ ಅವನನ್ನು ರಟ್ಟೆ ಹಿಡಿದು ಹೊರಗೆಳೆದ. “ಇಳೀಬ್ಯಾಡ! ಅವತ್ತು ನಾ ಕಂದೀಲು ಬಿಟ್ಟೇ ಇರಲಿಲ್ಲ. ಸೇಂದಿ ಕುಡದಿದ್ದೆ. ಬಿಟ್ಟೀನಿ ಅಂತ ಸುಳ್ಳು ಹೇಳಿದೆ.”

ಅತ್ತೆಯೇ ಮೊದಲು ಬಾಯಿಬಿಟ್ಟರು: “ಇಷ್ಟು ವರ್ಷ ಮಾಣಿಕಮ್ಮ ಬೈಸಿಕೊಂಡಳಲ್ಲೋ, ಪಾಪಿ! ನಿಮ್ಮ ಸ್ವಾಮಿ ಮಾಫ್ ಮಾಡ್ಯಾನ ಅಂತ ಈಗ ಧೈರ್ಯ ಬಂತೇನು?”

“ಮಾಡ್ಯಾನ ಅಂತ ಹ್ಯಾಂಗ ಹೇಳಲಿ ಅವ್ವಾರ? ಮಾಡ್ತಾನ ಅಂತ ಆಸಿ ಅದ. ಯೇಸುಸ್ವಾಮಿ ಗುಡ್ಯಾಗ ಎಲ್ಲರೂ ಪ್ರಸಾದದ ರೊಟ್ಟಿ ತಗೊಳ್ಳೋ ಹೊತ್ತಿಗಿ ನಾ ಎದ್ದು ಹೊರಗ ಬರ್ತೀನಿ. ಮೊದಲು ಆಕಿ ಮುಂದ ಹೇಳಬೇಕು.”

ನನಗೆ ಆಗಲೂ ನಂಬಿಕೆ ಬರಲಿಲ್ಲ. ಅಳುವುದು ಸುಲಭ; ಆದರೆ ಅವನು ಅಳುತ್ತಿರಲಿಲ್ಲ, ಅದೂ ನನಗೆ ಅನುಮಾನವೇ. “ಮಾಣಿಕಮ್ಮನ ಭಾರ ಇಳಿಸಾಕ ಹೊಂಟೀಯೋ, ನಿಂದು ಇಳಿಸಿಕೊಳ್ಳಾಕೋ?” ಎಂದು ಕೇಳಿದೆ.

ಅವನು ಕಂದೀಲನ್ನು ಕೆಳಗಿಟ್ಟ. “ಖರೇ ಹೇಳಬೇಕಂದರ ನನಗೂ ತಿಳೀದು. ಊರಿಗಿ ಬಂದಾಗಿಂದ ಆಕಿ ಬಾಗಿಲಿಗಿ ಎಷ್ಟು ಸಲ ಹೋದೆ! ‘ಆಡು ಈದದೇನವ್ವಾ’ ಅಂತ ಕೇಳಿ ತಿರುಗಿ ಬಂದೆ. ಅಷ್ಟೇ ನನ್ನ ಧೈರ್ಯ.”

ಕಾಶಪ್ಪನಿಗೆ ನಗು ಬಂತು, ನುಂಗಿಕೊಂಡ. ಪೀರಪ್ಪ ನನ್ನ ಕಡೆ ತಿರುಗಿ ಕೈಮುಗಿದ.

“ಅವ್ವಾರ, ನೀವು ಯಾರ ಮಾತೂ ಸುಮ್ಮ ನಂಬೋರಲ್ಲ. ನೀವೇ ನನ್ನ ಸಂಗಡ ಬರ್ರಿ. ನಾ ಸೇಂದಿ ಮ್ಯಾಲ ತಪ್ಪು ಹಾಕಿದರ, ಇಲ್ಲಾ ದೇವರ ಇಚ್ಛಾ ಅಂತ ಅಂದರ, ಅಲ್ಲೇ ತಡೀರಿ. ಮಾಫ್ ಮಾಡು ಅಂತ ಮಾತ್ರ ನೀವು ಆಕಿಗಿ ಹೇಳಬ್ಯಾಡ್ರಿ.”