ಮೂರು ಬೆರಳಿಗೆ ಹೋದ ಗುಡ್ಡಗಳು

ನಾನು ಶಾಲೆಗೆ ಹೋದದ್ದು ಎರಡೇ ವರ್ಷ. ಪಾಟಿಯ ಮೇಲೆ ಬರೆದು ಒರೆಸುವುದನ್ನು ಕಲಿತೆ, ಅಷ್ಟರಲ್ಲಿ ಬಿಡಿಸಿದರು. ಹಾಗಾಗಿ ಮೊಮ್ಮಗಳು ಚಿತ್ರ ಬರೆಯುವ ಟ್ಯಾಬನ್ನೂ ಪಾಟಿ ಎಂದೇ ಕರೆದೆ. ಆ ಹೆಸರೇ ಮುಂದೆ ಮುಳುವಾಯಿತು.

ಮೊಮ್ಮಗಳು ಅದರಲ್ಲಿ ಎಲ್ಲೂ ಇಲ್ಲದ ನಾಡುಗಳ ನಕಾಶೆ ಬರೆಯುತ್ತಾಳೆ. ನದಿಗೊಂದು ಪದರ, ಕೋಟೆಗೊಂದು, ಗುಡ್ಡಕ್ಕೊಂದು. ಕೌದಿಗೆ ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿದ ಹಾಗೆ. ಅಚ್ಚು ಒತ್ತಿದಂತೆ ಒತ್ತಿದರೂ ಗುಡ್ಡ ಮೂಡುತ್ತದೆಯಂತೆ. ಆದರೆ ಒಂದು ನಕಾಶೆಯ ಗುಡ್ಡಗಳನ್ನೆಲ್ಲ ಕೈಯಿಂದ ಬರೆದವಳು ಅವಳ ತಾಯಿ, ನನ್ನ ಮಗಳು.

ಮಗಳನ್ನು ಕಟಕೋಳಕ್ಕೆ ಕೊಟ್ಟಿದ್ದೆವು. ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದ ಮೇಲೆ ಮೊಮ್ಮಗಳನ್ನೂ ಕರೆದುಕೊಂಡು ಸಂಪಗಾಂವಕ್ಕೆ, ನನ್ನ ಹತ್ತಿರ ಬಂದಳು. ಬೈಲಹೊಂಗಲದ ದವಾಖಾನೆ ಇಲ್ಲಿಂದ ಸನಿಹ. ಕೊನೆಯ ನಾಲ್ಕು ತಿಂಗಳು ಎಡಮಗ್ಗುಲಲ್ಲೇ ಮಲಗಿದ್ದಳು. ಹೊತ್ತು ಹೋಗಲಿ ಎಂದು ಮೊಮ್ಮಗಳು ಪಾಟಿಯನ್ನೂ ಅದರ ಬಿಳಿ ಪೆನ್ಸಿಲನ್ನೂ ಅವಳ ಕೈಗೆ ಕೊಟ್ಟಳು. ಮಲಗಿ ಬರೆದದ್ದಕ್ಕೆ ಗುಡ್ಡಗಳೆಲ್ಲ ಒಂದೇ ಕಡೆ ವಾಲಿದ್ದವು.

"ಇವು ಗುಡ್ಡ ಅದಾವೋ, ಗಾಳಿಗೆ ಬಿದ್ದ ಬಣವಿ ಅದಾವೋ?" ಎಂದೆ.

"ಯವ್ವಾ, ನೀ ಸವದತ್ತಿ ಗುಡ್ಡ ವಾಲಿಕೋತ ಹತ್ತತಿಯಲ್ಲ, ನಿನ್ನ ನೋಡಿ ಅವೂ ವಾಲ್ಯಾವ," ಎಂದಳು ಮಗಳು.

"ಎಲ್ಲಾಕೂ ನೆಳ್ಳು ಒಂದ ಕಡೆ ಹಾಕೀದಿ. ನಿನ್ನ ನಾಡಿನಾಗ ಹೊತ್ತು ಮುಳಗೂದಿಲ್ಲೇನ?"

"ಇಲ್ಲ. ಯಾಕ ಮುಳಗಬೇಕು?"

ಜೋಳದ ಸುಗ್ಗಿಯಲ್ಲಿ ಅವಳು ಹೋದಳು.

ಮುಂದೆ ಮಹಾನವಮಿ ಬಂತು. ಆ ದಿನ ದುಡಿಯುವ ಸಾಮಾನಿಗೆಲ್ಲ ವಿಭೂತಿ ಹಚ್ಚಿ ಪೂಜೆ ಮಾಡುತ್ತೇವೆ. ಕುಡಗೋಲು, ಕುರ್ಪಿ, ಹೊಲಿಗೆ ಮಷಿನ್ ಆಯಿತು. ಮೊಮ್ಮಗಳು ತಾಯಿಯ ನಕಾಶೆಯನ್ನು ತೆರೆದು ಪೂಜೆಯ ಮಣೆಯ ಮೇಲಿಟ್ಟು, ಚೆಂಡು ಹೂವು ತರಲು ಹಿತ್ತಿಲಿಗೆ ಹೋದಳು. ನಾನು ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡು ಪಾಟಿಯ ಮೇಲೂ ಎಳೆದೆ. ದಪ್ಪಾಯಿತು. ಅದೇ ಮೂರು ಬೆರಳಿಂದ ಅತ್ತ ಇತ್ತ ಗಸಗಸ ಒರೆಸಿದೆ. ಗುಡ್ಡಗಳು ಹೋದವು. ನದಿ ಇತ್ತು, ಕೋಟೆ ಇತ್ತು, ಒಂದು ಗುಡ್ಡವೂ ಇರಲಿಲ್ಲ.

ಗಾಬರಿಯಲ್ಲಿ ಮೇಲಿನ ಮೂಲೆ ಒತ್ತಿದೆ. ನಕಾಶೆ ಸಣ್ಣದಾಗಿ, ಉಳಿದ ಚಿತ್ರಗಳ ಸಾಲಿನಲ್ಲಿ ಹೋಗಿ ಕುಳಿತಿತು.

ಮೊಮ್ಮಗಳು ಬಂದು ತೆರೆದು ನೋಡಿದಳು.

"ಆಯಿ, ಏನ ಮಾಡ್ದಿ?"

"ಈಬತ್ತಿ ಹಚ್ಚಿದೆ."

"ಮೂರು ಬೆರಳಲೆ ತಿಕ್ಕಿದೇನ?"

"ಮತ್ತ ಈಬತ್ತಿ ಎಷ್ಟ ಬೆರಳಲೆ ಹಚ್ಚತಾರ?"

ಮೂರು ಬೆರಳಿಂದ ತಿಕ್ಕಿದರೆ, ಕೊನೆಗೆ ಬರೆದ ಪದರವನ್ನು ಪೂರ್ತಿ ಖಾಲಿ ಮಾಡು ಎಂದು ಹೇಳಿದಂತೆಯಂತೆ. "ಮುಚ್ಚಲಾರದ ಹಂಗ ಬಿಟ್ಟಿದ್ರ ಎರಡ ಬೆರಳ ಬಡದು ವಾಪಸ್ ತರತಿದ್ದೆ ಆಯಿ. ಮುಚ್ಚಿದ ಮ್ಯಾಲೆ ಬರಂಗಿಲ್ಲ," ಎಂದಳು. ಅದರ ನಕಲನ್ನು ಬೇರೆಲ್ಲೂ ಇಟ್ಟಿರಲಿಲ್ಲ.

ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಹೂವು ಏರಿಸಿದಳು. ಹೋಳಿಗೆ ಉಂಡೆವು. ಗಂಟಲಲ್ಲಿ ಇಳಿಯಲಿಲ್ಲ ಎಂದೆಲ್ಲ ಹೇಳುವುದಿಲ್ಲ, ಇಳಿಯಿತು.

ನಾಲ್ಕು ದಿನ ಬಿಟ್ಟು ಮೊಮ್ಮಗಳು ತಾಯಿಯ ಮಂಚದ ಮೇಲೆ, ತಾಯಿಯ ಹಾಗೆಯೇ ಎಡಮಗ್ಗುಲಾಗಿ ಮಲಗಿ ಗುಡ್ಡ ಬರೆದಳು. ವಾಲಿದವು. ಆದರೆ ಅವಳ ಕೈ ಗಟ್ಟಿ, ಗೆರೆಗಳು ನೆಟ್ಟಗೆ ಬಂದವು. ನನ್ನ ಮಗಳ ಗೆರೆಗಳು ನಡುವೆ ನಿಂತು, ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಿದ್ದವು.

"ಆಯಿ, ಹಿಂಗ ಇದ್ದೂವಲ್ಲ?"

ಹೌದು ಎನ್ನಬೇಕಿತ್ತು. ಹುಟ್ಟಿದಾಗಿನಿಂದ ಇದ್ದದ್ದನ್ನು ಇದ್ದ ಹಾಗೆ ಹೇಳುವ ಬಾಯಿ ನನ್ನದು.

"ಅಲ್ಲ," ಎಂದೆ.

ಅವಳು ಮೂರು ಬೆರಳು ಇಟ್ಟು ತಾನೇ ಅಳಿಸಿದಳು. ಮತ್ತೆ ಬರೆಯಲಿಲ್ಲ. ನಕಾಶೆ ಹಾಗೇ ಇದೆ, ನದಿಗಳು ಏನೂ ಇಲ್ಲದ ಕಡೆಯಿಂದ ಇಳಿದು ಬರುತ್ತವೆ. ನಾನು ಹತ್ತಿರ ಹೋದರೆ ಪಾಟಿಯನ್ನು ಬೋರಲು ಹಾಕುತ್ತಾಳೆ. ಅವಳದು ತಪ್ಪೆನ್ನಲಾರೆ.

ದಿನಾ ಬೆಳಗ್ಗೆ ಹಣೆಗೆ ವಿಭೂತಿ ಹಚ್ಚಿಕೊಳ್ಳಬೇಕು. ಅದಕ್ಕೂ ಇವೇ ಮೂರು ಬೆರಳು.