“ಹಾಕೀನಿ” ಅಂದವನು ನಾನು

ಖಾದರ್ ಭಾಯಿ ಚೈನ್ ಕೇಳಿದ್ದ. “ಹಾಕೀನಿ” ಅಂದವನು ನಾನು. ಹಾಕಿರಲಿಲ್ಲ.

ಇಷ್ಟನ್ನು ಹೇಳಲು ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಈಗ ಹೇಳುವಾಗ ತಲೆ ತಗ್ಗಿಸಿ, ದನಿ ನಡುಗಿಸಿ, ‘ಅಯ್ಯೋ ಪಾಪ’ ಅನ್ನಿಸಿಕೊಳ್ಳುವ ಆಸೆ ನನಗಿಲ್ಲ. ನನ್ನ ಹೆಂಡತಿಯ ತಮ್ಮ ಮೊನ್ನೆ ಮನೆಗೆ ಬಂದು, “ಹಳೇ ಗಾಯ ಯಾಕ ಕೆರೀತೀರಿ ಭಾವ? ಗ್ಯಾರೇಜಿನ ಹೆಸರು ಏನಾಗಬೇಕು?” ಅಂದ. ಏನಾದರೂ ಆಗಲಿ. ಗಾಯ ನನ್ನದಲ್ಲವಲ್ಲ — ಅದಕ್ಕೇ ಅಲ್ಲವೇ ಇಷ್ಟು ವರ್ಷ ಆರಾಮಾಗಿ ಸುಮ್ಮನಿದ್ದದ್ದು!

ದಾವಣಗೆರೆಯಲ್ಲಿ, ಕರೂರು ಕೈಗಾರಿಕಾ ಪ್ರದೇಶಕ್ಕೆ ಹೋಗುವ ದಾರಿಯಲ್ಲಿ ನಮ್ಮ ಗ್ಯಾರೇಜು. ಅಪ್ಪ ಶುರು ಮಾಡಿದ್ದು. ಅಪ್ಪ ತೀರಿಕೊಂಡ ಮೇಲೆ ನಾನು ಮತ್ತು ಖಾದರ್ ಭಾಯಿ ಇಬ್ಬರೇ ನಡೆಸಿದೆವು. ಅವನು ಹರಿಹರದವನು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ತೊಂಬತ್ತರ ದಶಕದ ಕೊನೆ ಅದು. ಹೊಸ ಮಾದರಿಯ ಕಾರುಗಳು ಆಗಲೇ ಬಂದಿದ್ದರೂ ನಮ್ಮ ಹತ್ತಿರ ಬರುತ್ತಿದ್ದವು ಹಳೆಯವೇ — ಮೂತಿ ಕೆಳಗಾಗಿ, ಹೊಂಡ ಕಂಡಲ್ಲೆಲ್ಲ ನರಳುವಂಥವು.

ಅಂಥ ಕಾರಿನ ಮುಂದಿನ ಸ್ಪ್ರಿಂಗ್ ಬಿಚ್ಚುವುದು ಹುಡುಗಾಟವಲ್ಲ. ಕಾರಿನ ಭಾರಕ್ಕೆ ಅದು ಒತ್ತಿಕೊಂಡು ಕೂತಿರುತ್ತದೆ. “ಅದು ಮಲಗಿಲ್ಲಪಾ, ಸಿಟ್ಟು ನುಂಗಿ ಕುಂತೈತೆ” ಅನ್ನುತ್ತಿದ್ದ ಖಾದರ್ ಭಾಯಿ. ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರ ಕಳಚಿ, ಸ್ಪ್ರಿಂಗ್ ಕೂತಿರುವ ತೋಳಿನ ಕೆಳಗೆ ಜಾಕು ಕೊಟ್ಟು, ನಟ್ಟು ಬಿಚ್ಚಿ, ಆಮೇಲೆ ಜಾಕನ್ನು ಒಂದೊಂದೇ ಎಳೆ ಇಳಿಸುತ್ತ ಅದರ ಸಿಟ್ಟು ಇಳಿಯಲು ಬಿಡಬೇಕು. ನಡುವೆ ಜಾಕು ಜಾರಿತೋ, ಸ್ಪ್ರಿಂಗ್ ಹಾರುತ್ತದೆ. ಅದಕ್ಕೇ ಚೈನು. ಸ್ಪ್ರಿಂಗಿನ ಸುರುಳಿಯೊಳಗೆ ದಪ್ಪ ಕಬ್ಬಿಣದ ಚೈನು ತೂರಿಸಿ ಕಾರಿನ ಚಾಸಿಗೆ ಕೊಕ್ಕೆ ಹಾಕಿದರೆ, ಜಾಕು ಜಾರಿದರೂ ಸ್ಪ್ರಿಂಗ್ ಹೊರಗೆ ಬರುವುದಿಲ್ಲ.

ಜಾಕಿನ ಹತ್ತಿರ ಒಬ್ಬ, ಸ್ಪ್ರಿಂಗಿನ ಹತ್ತಿರ ಒಬ್ಬ. ಜಾಕಿನವನಿಗೆ ಕೂತಲ್ಲಿಂದ ಚೈನು ಕಾಣುವುದಿಲ್ಲ. ಆದ್ದರಿಂದ ಇಳಿಸುವ ಮೊದಲು “ಚೈನ್?” ಅಂತ ಕೇಳಬೇಕು. “ಹಾಕೀನಿ” ಅಂತ ಉತ್ತರ ಬಂದ ಮೇಲೆ ಬಗ್ಗಿ ನೋಡುವ ಹಾಗಿಲ್ಲ. ಹೊಸದರಲ್ಲಿ ನಾನೊಮ್ಮೆ ಬಗ್ಗಿ ನೋಡಿದ್ದಕ್ಕೆ ಅವನು ಪಾನಾ ಕೆಳಗಿಟ್ಟು, “ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲಂದ್ರ ನಿನ್ನ ಜೋಡಿ ಕೆಲಸ ಬ್ಯಾಡ” ಅಂದಿದ್ದ. ಅವನೂ ನನ್ನ ಮಾತು ಕೇಳಿದ ಮೇಲೆ ಯಾವತ್ತೂ ಬಗ್ಗಿ ನೋಡಿದವನಲ್ಲ.

ಆ ವರ್ಷದ ಆಯುಧಪೂಜೆ. ಪಾನಾ, ಸುತ್ತಿಗೆ, ದೊಡ್ಡ ಜಾಕು ಎಲ್ಲವನ್ನೂ ತೊಳೆದು ಕೆಂಪು ಬಟ್ಟೆಯ ಮೇಲೆ ಇಟ್ಟಿದ್ದೆವು. ಅವಸರಕ್ಕೆಂದು ಹಳೆಯದೊಂದು ಜಾಕು, ನಾಲ್ಕು ಸವೆದ ಪಾನಾ ಹೊರಗಿರುತ್ತಿದ್ದವು. ಚೈನನ್ನು ಎಂದೂ ಪೂಜೆಗೆ ಇಟ್ಟವರಲ್ಲ ನಾವು. ಅವತ್ತು ಅವ್ವ, “ಜೀವ ಕಾಯೋದು ಅದಲ್ಲೇನೋ? ಅದಕ್ಕ ಮೊದಲು ಪೂಜಿ ಆಗಬೇಕು” ಅಂತ ತಾನೇ ಎತ್ತಿಟ್ಟು, ವಿಭೂತಿ ಹಚ್ಚಿ, ಚೆಂಡುಹೂವು ಸುರಿದಳು. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ.

ಮಧ್ಯಾಹ್ನ ಹರಿಹರದಿಂದ ಒಬ್ಬರು ಕಾರು ತಂದರು. ಮುಂದಿನ ಸ್ಪ್ರಿಂಗ್ ಮುರಿದಿತ್ತು. ಬೆಳಗಾದರೆ ಮಗಳ ನಿಶ್ಚಿತಾರ್ಥಕ್ಕೆ ಹೊರಡಬೇಕು. “ಇವತ್ತು ಆಗೋದಿಲ್ಲ” ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! “ನಮ್ಮ ಗ್ಯಾರೇಜಿಂದ ಆಗಲ್ಲ ಅನ್ನಿಸ್ಕಂಡು ಹೋದೋರಿಲ್ಲ ಯಜಮಾನ್ರೇ, ಕೂಡ್ರಿ” ಅಂದೆ. ಖಾದರ್ ಭಾಯಿ ಪೂಜೆಯ ಮಂಡಕ್ಕಿ ಪೊಟ್ಟಣ ಹಿಡಿದು ಮನೆಗೆ ಹೊರಟಿದ್ದ. “ಹಬ್ಬದ ದಿನ ಯಾಕಪಾ ಬಸಣ್ಣ? ನಾಳೆ ನಸುಕಿನಾಗ ಬಂದು ಮಾಡ್ತೀನಿ” ಅಂದ. “ಅರ್ಧ ತಾಸಿನ ಕೆಲಸ, ಬಾ” ಅಂತ ಕೈ ಹಿಡಿದು ಎಳೆದುಕೊಂಡು ಬಂದೆ.

ಚೈನು ಹೂವಿನ ಕೆಳಗಿತ್ತು; ಅವ್ವ ಅದನ್ನು ಪೂಜೆಗಿಟ್ಟದ್ದು ಖಾದರ್ ಭಾಯಿಗೆ ಗೊತ್ತಿರಲಿಲ್ಲ. ನಾನು ನೀರು ಸೇದುವ ನೈಲಾನ್ ಹಗ್ಗವನ್ನು ಎರಡು ಸುತ್ತು ಬಿಗಿದೆ. ಹಗ್ಗ ಅಂದರೆ ಅವನು ಜಾಕು ಮುಟ್ಟುತ್ತಿರಲಿಲ್ಲ — ಅದು ನನಗೆ ಚೆನ್ನಾಗಿ ಗೊತ್ತಿತ್ತು.

“ಚೈನ್?”

“ಹಾಕೀನಿ.”

ಹಳೆಯ ಜಾಕು ಜಾರಿತು. ಹಗ್ಗ — ಅದೇನು ತಡೆದೀತು! ಸ್ಪ್ರಿಂಗ್ ಅವನ ಬಲ ಮೊಣಕೈಗೆ ಬಡಿದು ಗೋಡೆಗೆ ಹೋಗಿ ಬಿತ್ತು. ಕಾರಿನ ಯಜಮಾನರೂ ಪಕ್ಕದ ವೆಲ್ಡಿಂಗ್ ಅಂಗಡಿಯವರೂ ಸೇರಿ ಅವನನ್ನು ಆಟೋದಲ್ಲಿ ಹಾಕಿಕೊಂಡು ಓಡಿದರು. “ಶಟರ್ ಎಳೆದು ಬರ್ತೀನಿ, ನಡೀರಿ” ಅಂದೆ ನಾನು.

ಇನ್ನು ಹೇಳುವುದನ್ನು ಇವತ್ತಿಗೂ ನನ್ನ ಹೆಂಡತಿಗೆ ಹೇಳಿಲ್ಲ. ಇದನ್ನು ಓದಿಯೇ ತಿಳಿದುಕೊಳ್ಳಲಿ. ಶಟರ್ ಎಳೆದು ಒಳಗೆ ಹೋದೆ. ಹೂವು ಸರಿಸಿ ಚೈನು ತೆಗೆದೆ. ವಿಭೂತಿ ಒರೆಸಿದೆ. ಅದನ್ನು ಕಾರಿನ ಕೆಳಗೆ, ಕೊಕ್ಕೆ ಹಾಕದೆ ಬಿಟ್ಟ ಹಾಗೆ, ಎಸೆದೆ. ಹಗ್ಗವನ್ನು ಹಿತ್ತಿಲಲ್ಲಿ ಸುಟ್ಟೆ. ಅವನ ಕೈ ಉಳಿಸಲು ಮುಟ್ಟಲಾಗದ ಪೂಜೆಯನ್ನು ನನ್ನ ಸುಳ್ಳು ಉಳಿಸಲು ಮುಟ್ಟಬಹುದಾಗಿತ್ತು, ನೋಡಿ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಟ್ಟು ಮಾತಾಡಿದ. ಕೈಗೆ ಕಟ್ಟು. ಅವನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. “ಬಸಣ್ಣ, ಒಂದು ಹೇಳು. ನಾ ಚೈನ್ ಅಂತ ಕೇಳಿದ್ನೋ ಇಲ್ಲೋ? ನೆನಪೇ ಆಗವಲ್ದು.”

ನಾನು ಅವನ ಮುಖ ನೋಡಿಯೇ ಹೇಳಿದೆ. “ಇಲ್ಲ ಭಾಯಿ. ಕೇಳಲಿಲ್ಲ. ಕೊಕ್ಕೆ ಹಾಕೋಕ ಮೊದಲೇ ಇಳಿಸಿಬಿಟ್ಟಿ.”

“ಮನಿಗೆ ಹೋಗೋ ಅವಸರ ಇತ್ತು,” ಅಂದ ಅವನು. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದ.

ಊರಿಗೆಲ್ಲ ಅದನ್ನೇ ಹೇಳಿದೆ. ಮಂಡಿಪೇಟೆಯ ಬಿಡಿಭಾಗದ ಅಂಗಡಿಗಳಿಂದ ಹರಿಹರದ ಬಸ್ ನಿಲ್ದಾಣದವರೆಗೆ ‘ಖಾದರ್ ಅವಸರ ಮಾಡಿ ಕೈ ಕಳಕಂಡ’ ಅಂತಾಯಿತು. ಅವನ ಬಲಗೈ ಆಮೇಲೆ ಮುಷ್ಟಿ ಕಟ್ಟಲಿಲ್ಲ. ಪಾನಾ ಹಿಡಿಯಲಾಗದೆ, ಹರಿಹರದಲ್ಲಿ ಅಳಿಯನ ಬಿಡಿಭಾಗದ ಅಂಗಡಿಯಲ್ಲಿ ಕೂತ.

ಅವ್ವನನ್ನು ಯಾರೂ ದೂರಬೇಡಿ. ‘ಪೂಜೆ, ಸಂಪ್ರದಾಯ, ಅದರಿಂದಲೇ ಹೀಗಾಯಿತು’ ಅಂತ ಬುದ್ಧಿ ಹೇಳಲೂ ಬರಬೇಡಿ. “ಚೈನು ಬೇಕವ್ವ” ಅಂದಿದ್ದರೆ ಅವಳೇ ಹೂ ಸರಿಸಿ ಎತ್ತಿ ಕೊಡುತ್ತಿದ್ದಳು. ಅವತ್ತು ಕೇಳದೆ ಇದ್ದವನು ಖಾದರ್ ಭಾಯಿ ಅಲ್ಲ. ನಾನು.

ಹೋದ ತಿಂಗಳು ಸಾಮಾನು ಬೇಕಾಗಿ ಅವನ ಅಂಗಡಿಗೆ ಹೋಗಿದ್ದೆ. ಅವನ ಮುಂದೆ ಇಬ್ಬರು ಹೊಸ ಮೆಕ್ಯಾನಿಕ್‌ಗಳು ಸ್ಪ್ರಿಂಗ್ ಕೊಳ್ಳಲು ನಿಂತಿದ್ದರು. ಖಾದರ್ ಭಾಯಿ ಅಂಗಿಯ ತೋಳು ಮಡಚಿ ತನ್ನ ಸೊಟ್ಟ ಮೊಣಕೈ ತೋರಿಸುತ್ತಿದ್ದ. “ನೋಡ್ರಿ, ಒಂದೇ ಒಂದು ದಿನ ನಾ ಚೈನ್ ಕೇಳೋದು ಮರೆತೆ. ನೀವು ಮರೀಬ್ಯಾಡ್ರಿ.” ಸ್ಪ್ರಿಂಗ್ ಕೊಳ್ಳಲು ಬಂದವರಿಗೆಲ್ಲ ಹೀಗೆ ತೋರಿಸುತ್ತಾನಂತೆ, ಆ ವರ್ಷದಿಂದ. ನನ್ನನ್ನು ಕಂಡು ಅವನ ಮುಖ ಅರಳಿತು. “ಬಂದ್ಯಾ! ಬಾ, ನೀನೇ ಇದ್ದೆಲ್ಲ ಅವತ್ತು, ಹೇಳು ಇವ್ರಿಗೆ.”

ನನ್ನನ್ನೇ ಸಾಕ್ಷಿಗೆ ಕರೆದ!

“ನೀ ಕೇಳಿದ್ದೆ ಭಾಯಿ,” ಅಂದೆ. “ಚೈನ್ ಅಂತ ಕೇಳಿದ್ದೆ. ಹಾಕೀನಿ ಅಂತ ನಾನೇ ಅಂದೆ. ಹಾಕಿರಲಿಲ್ಲ.”

ಆ ಇಬ್ಬರೂ ಸಾಮಾನು ಅಲ್ಲೇ ಬಿಟ್ಟು ಹೊರಗೆ ಹೋದರು. ಅವನು ತೋಳು ಇಳಿಸಿಕೊಂಡ. ಗುಂಡಿ ಹಾಕಲು ಎಡಗೈಯಿಂದ ಬಹಳ ಹೊತ್ತು ಒದ್ದಾಡಿದ. ಆಮೇಲೆ ಹೇಳಿದ:

“ಕೈ ಹೋತು, ಅದು ಬಿಡು. ನಮಾಜಿಗೆ ನಿಂತಾಗೂ ಅದೇ ಯೋಚನಿ ನನಗ — ಕೇಳಿದ್ನೋ ಇಲ್ಲೋ, ಕೇಳಿದ್ನೋ ಇಲ್ಲೋ. ನನ್ನ ಮ್ಯಾಲೆ ನನಗ ಇದ್ದ ನಂಬಿಕಿನೇ ತಗಂಡುಬಿಟ್ಟೆಲ್ಲೋ.”

“ಭಾಯಿ, ನನ್ನನ್ನ—”

“ಏ! ಅದೊಂದು ಕೇಳಬ್ಯಾಡ. ಊರಾಗ ಹೇಳಿದ್ದನ್ನ ಊರಾಗೇ ವಾಪಸ್ ತಗ. ಹೋಗು.”

ಬಂದೆ. ಇದನ್ನು ಬರೆದೆ. ಇದರಿಂದ ಅವನ ಬೆರಳು ಮಡಚುವುದಿಲ್ಲ. ಅವನು ಕ್ಷಮಿಸುವುದೂ ಬೇಡ, ನೀವು ಕ್ಷಮಿಸುವುದೂ ಬೇಡ. ಈ ಆಯುಧಪೂಜೆಗೆ ಗ್ಯಾರೇಜಿನಲ್ಲಿ ಸೇರಿದವರೆಲ್ಲರ ಮುಂದೆ, ಮಂಗಳಾರತಿಗೆ ಮೊದಲೇ, ಇದನ್ನೇ ಗಟ್ಟಿಯಾಗಿ ಓದುತ್ತೇನೆ. ಗಿರಾಕಿಗಳು ಎದ್ದು ಹೋಗುವುದಾದರೆ ಹೋಗಲಿ. ಚೈನು ಮಾತ್ರ ಪೂಜೆಗೆ ಹೋಗುವುದಿಲ್ಲ; ಗೋಡೆಯ ಮೊಳೆಯಲ್ಲೇ, ಕೈಗೆ ಸಿಗುವ ಹಾಗೆ, ತೂಗುತ್ತಿರುತ್ತದೆ.

ಇನ್ನು ಮುಂದೆ ಯಾರಿಗಾದರೂ ‘ಖಾದರ್ ಅವಸರ ಮಾಡಿ ಕೈ ಕಳಕಂಡ’ ಅನ್ನಬೇಕು ಅನ್ನಿಸಿದರೆ, ಬೇರೆಲ್ಲೂ ಅನ್ನಬೇಡಿ. ನಮ್ಮ ಗ್ಯಾರೇಜಿಗೆ ಬಂದು ನನ್ನೆದುರು ನಿಂತು ಅನ್ನಿ. ನಾನು ಇಲ್ಲೇ ಇರುತ್ತೇನೆ, ಶಟರ್ ತೆಗೆದುಕೊಂಡು.